ಬಸ್ಸಿನ ವೀಲ್‌ಚೇರ್ ಲಿಫ್ಟ್‌ಗೆ ರಿಕಾಲ್ ಬಂದಾಗ: ದೋಷ ಹುಡುಕುವುದು ಹೇಗೆ?

ವೀಲ್‌ಚೇರ್ ಲಿಫ್ಟ್ ಎರಡು ರೀತಿಯಲ್ಲಿ ಕೆಡುತ್ತದೆ. ಒಂದು, ಬಟನ್ ಒತ್ತಿದರೂ ಕೆಲಸ ಮಾಡುವುದಿಲ್ಲ. ಇನ್ನೊಂದು, ಕೆಲಸ ಮಾಡಬಾರದ ಹೊತ್ತಿನಲ್ಲೂ ಮಾಡುತ್ತದೆ. ಮೊದಲನೆಯದಾದರೆ ಡ್ರೈವರ್ ಕೂಡಲೇ ದೂರು ಕೊಡುತ್ತಾರೆ. ಎರಡನೆಯದಕ್ಕೆ ಯಾರೂ ದೂರು ಕೊಡುವುದಿಲ್ಲ. ಬಟನ್ ಒತ್ತಿದರು, ಲಿಫ್ಟ್ ಇಳಿಯಿತು, ಏರಿತು. ಎಲ್ಲ ಸರಿ ಇದೆ ಅಂತಲೇ ಅವರಿಗೆ ಕಾಣುತ್ತದೆ. ಕುರ್ಚಿ ನಿಲ್ಲುವ ಪ್ಲಾಟ್‌ಫಾರ್ಮ್‌ನ ಅಂಚಿನಲ್ಲಿ ಅದು ಉರುಳದಂತೆ ತಡೆಯುವ ಹೊರಗಿನ ತಡೆಪಟ್ಟಿ ಏಳದಿದ್ದರೂ ಲಿಫ್ಟ್ ಮೇಲೇರಿತು ಎಂಬುದು ಗೊತ್ತಾಗುವುದು ಯಾರಾದರೂ ಬಿದ್ದ ಮೇಲೆ.

ಸುರಕ್ಷತಾ ರಿಕಾಲ್ ಎಂದರೆ ತಾನು ಮಾಡಿದ ವಸ್ತುವಿನಲ್ಲಿ ಅಪಾಯದ ದೋಷ ಇದೆ ಎಂದು ಕಂಪನಿ ತಿಳಿಸಿ ಸರಿಪಡಿಸಿ ಕೊಡುವುದು. ಅದು ಹೆಚ್ಚಾಗಿ ಬರುವುದು ಈ ಎರಡನೇ ಬಗೆಯ ದೋಷಕ್ಕೆ. ಹಾಗಾಗಿ ರಿಕಾಲ್ ನೋಟಿಸ್ ಕೈಗೆ ಬಂದಾಗ 'ನಮ್ಮ ಲಿಫ್ಟ್ ಚೆನ್ನಾಗಿ ಓಡ್ತಾ ಇದೆಯಲ್ಲ' ಎಂದು ಪಕ್ಕಕ್ಕಿಡಬೇಡಿ. ಓಡುವ ಲಿಫ್ಟನ್ನೇ ಅನುಮಾನದಿಂದ ನೋಡಬೇಕು. ಈ ಕೈಪಿಡಿಯ ಹೆಚ್ಚು ಭಾಗ ಅದರ ಬಗ್ಗೆಯೇ ಇದೆ.

ಇಲ್ಲಿ ಅಮೆರಿಕದ ನಿಯಮಗಳನ್ನು ಹಿಡಿದು ಬರೆದಿದ್ದೇನೆ. ಅಲ್ಲಿ 1990ರ ಅಂಗವಿಕಲರ ಹಕ್ಕುಗಳ ಕಾಯ್ದೆ ಬಂದ ಮೇಲೆ ಲಿಫ್ಟ್ ಹೇಗಿರಬೇಕು ಎಂಬುದಕ್ಕೆ ಅಳತೆಗಳು ಬಂದವು. ಆಮೇಲೆ ಎಫ್‌ಎಂವಿಎಸ್‌ಎಸ್ 403 ಮತ್ತು 404 ಎಂಬ ಎರಡು ವಾಹನ ಸುರಕ್ಷತಾ ಮಾನದಂಡಗಳು 2005ರಲ್ಲಿ ಜಾರಿಯಾದವು. 403 ಲಿಫ್ಟ್ ತಯಾರಿಸುವವರಿಗೆ. 404 ಅದನ್ನು ಬಸ್ಸಿಗೆ ಕೂರಿಸುವವರಿಗೆ. ನಗರದ ಹೊಸ ಬಸ್ಸುಗಳು ಈಗ ಜಾಸ್ತಿ ಲೋ ಫ್ಲೋರ್. ಅವಕ್ಕೆ ಮಡಚುವ ರ‍್ಯಾಂಪ್ ಸಾಕು. ಲಿಫ್ಟ್ ಹೆಚ್ಚಾಗಿ ಉಳಿದಿರುವುದು ಎತ್ತರದ ಕೋಚ್‌ಗಳಲ್ಲಿ ಮತ್ತು ಮನೆ ಬಾಗಿಲಿಗೇ ಬಂದು ಕರೆದೊಯ್ಯುವ ಪ್ಯಾರಾಟ್ರಾನ್ಸಿಟ್ ಮಿನಿ ಬಸ್ಸುಗಳಲ್ಲಿ.

ಮೊದಲು ನಿಮ್ಮ ಲಿಫ್ಟ್ ಯಾವುದು ಎಂದು ಖಚಿತ ಮಾಡಿಕೊಳ್ಳಿ

ಜನ ಮೊದಲು ಮಾಡುವುದು ಬಸ್ಸಿನ ಹದಿನೇಳು ಅಕ್ಷರ-ಅಂಕಿಗಳ ಚಾಸಿಸ್ ನಂಬರ್ ಹಾಕಿ ಹುಡುಕುವುದು. ಲಿಫ್ಟ್ ವಿಷಯದಲ್ಲಿ ಅದೊಂದೇ ಸಾಲದು. ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ ಕೊಡುವ ರಿಕಾಲ್ ನಂಬರಿನಲ್ಲಿ ವರ್ಷದ ಎರಡು ಅಂಕಿ ಆದ ಮೇಲೆ ಒಂದು ಅಕ್ಷರ ಇರುತ್ತದೆ. 'ವಿ' ಇದ್ದರೆ ವಾಹನದ್ದು, 'ಇ' ಇದ್ದರೆ ಬಿಡಿ ಉಪಕರಣದ್ದು, 'ಟಿ' ಇದ್ದರೆ ಟೈರಿನದು. ಲಿಫ್ಟ್ ತಯಾರಿಸಿದ ಕಂಪನಿ 'ಇ' ಅಡಿಯಲ್ಲಿ ರಿಕಾಲ್ ಮಾಡಬಹುದು. ಅದೇ ಲಿಫ್ಟ್ ಕೂರಿಸಿದ ಬಸ್ ಬಾಡಿ ಕಂಪನಿ 'ವಿ' ಅಡಿಯಲ್ಲಿ ಬೇರೆಯಾಗಿ ಮಾಡಬಹುದು. ಹೀಗಾಗಿ ಚಾಸಿಸ್ ನಂಬರ್ ಹಾಕಿದಾಗ ಏನೂ ಬರಲಿಲ್ಲ ಅಂದರೆ ಲಿಫ್ಟ್‌ಗೆ ರಿಕಾಲ್ ಇಲ್ಲ ಎಂದು ಅರ್ಥವಲ್ಲ.

ಲಿಫ್ಟ್‌ನ ಮೇಲೆಯೇ ಇರುವ ಪ್ಲೇಟ್ ಹುಡುಕಿ. ಮಾಡೆಲ್, ಸೀರಿಯಲ್ ನಂಬರ್, ತಯಾರಾದ ತಿಂಗಳು ಮತ್ತು ವರ್ಷ ಬರೆದುಕೊಳ್ಳಿ. ಸಾರ್ವಜನಿಕ ಬಳಕೆಗೆ ಮಾಡಿದ ಲಿಫ್ಟ್‌ನಲ್ಲಿ 'ಡಾಟ್ ಪಬ್ಲಿಕ್ ಯೂಸ್ ಲಿಫ್ಟ್' ಎಂಬ ಬರಹ ಇರಬೇಕು. ಡಾಟ್ ಎಂದರೆ ಅಮೆರಿಕದ ಸಾರಿಗೆ ಇಲಾಖೆ. 'ಪ್ರೈವೇಟ್ ಯೂಸ್' ಎಂದಿದ್ದರೆ ಅದು ಮನೆಯ ವ್ಯಾನಿಗೆ ಮಾಡಿದ್ದು. ಸಾರ್ವಜನಿಕರನ್ನು ಹತ್ತಿಸುವ ಬಸ್ಸಿನಲ್ಲಿ ಅದು ಸಿಕ್ಕರೆ ರಿಕಾಲ್ ಇರಲಿ ಬಿಡಲಿ, ಆ ಬಸ್ಸನ್ನು ನಿಲ್ಲಿಸಿ. ಡಿಪೋಗಳಲ್ಲಿ ಗುಜರಿಗೆ ಹೋಗುವ ಬಸ್ಸಿನ ಲಿಫ್ಟ್ ಬಿಚ್ಚಿ ಇನ್ನೊಂದಕ್ಕೆ ಹಾಕುವುದು ಹೊಸದೇನಲ್ಲ. ಆಗ ಬಸ್ಸಿನ ದಾಖಲೆ ಒಂದು ಹೇಳುತ್ತದೆ, ಲಿಫ್ಟ್‌ನ ಪ್ಲೇಟ್ ಇನ್ನೊಂದು ಹೇಳುತ್ತದೆ. ನಂಬಬೇಕಾದ್ದು ಪ್ಲೇಟನ್ನು.

ಸೆಕೆಂಡ್ ಹ್ಯಾಂಡ್ ಬಸ್ ಕೊಂಡವರು ಇನ್ನೂ ಹುಷಾರಾಗಿರಬೇಕು. ನೋಟಿಸ್ ಹೋಗುವುದು ದಾಖಲೆಯಲ್ಲಿರುವ ಮಾಲೀಕರಿಗೆ. ಹರಾಜಿನಲ್ಲಿ ಕೊಂಡ ಹಳೆ ಮಿನಿ ಬಸ್ಸಿನ ನೋಟಿಸ್ ಹಿಂದಿನ ಮಾಲೀಕರ ವಿಳಾಸಕ್ಕೆ ಹೋಗಿ ಅಲ್ಲೇ ಉಳಿದಿರಬಹುದು. ನೀವೇ ಕಂಪನಿಗೆ ಸೀರಿಯಲ್ ನಂಬರ್ ಕೊಟ್ಟು ಕೇಳಿ.

ನೋಟಿಸ್ ಸಿಕ್ಕಿದ್ದರೆ ಅದರ ಜೊತೆಗೆ ಕಂಪನಿ ಎನ್‌ಎಚ್‌ಟಿಎಸ್‌ಎಗೆ ಸಲ್ಲಿಸಿದ ದೋಷ ವರದಿಯನ್ನೂ ಓದಿ. ಸುರಕ್ಷತಾ ದೋಷ ಇದೆ ಎಂದು ತೀರ್ಮಾನಿಸಿದ 5 ಕೆಲಸದ ದಿನಗಳೊಳಗೆ ಕಂಪನಿ ಅದನ್ನು ಸಲ್ಲಿಸಬೇಕು. ಮಾಲೀಕರಿಗೆ 60 ದಿನದೊಳಗೆ ನೋಟಿಸ್ ಕಳಿಸಬೇಕು. ಮಾಲೀಕರಿಗೆ ಬರುವ ಪತ್ರ ಚಿಕ್ಕದು. ಯಾವ ಭಾಗ, ಯಾಕೆ ಕೆಡುತ್ತದೆ, ಯಾವ ಅವಧಿಯಲ್ಲಿ ತಯಾರಾದವು ಎಂಬ ವಿವರ ವರದಿಯಲ್ಲಿ ಜಾಸ್ತಿ. ಮೆಕ್ಯಾನಿಕ್‌ಗೆ ಬೇಕಾದ್ದು ಅದು.

ಪರೀಕ್ಷೆಗೆ ಮುಂಚೆ

ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ. ಗಾಲಿಗಳಿಗೆ ಕಟ್ಟೆ ಕೊಡಿ. ಎತ್ತಿದ ಪ್ಲಾಟ್‌ಫಾರ್ಮ್‌ನ ಕೆಳಗೆ ಸ್ಟ್ಯಾಂಡ್ ಇಲ್ಲದೆ ಕೈ ಕೂಡ ಹಾಕಬೇಡಿ. ವೈರಿಂಗ್ ಅಥವಾ ಹೈಡ್ರಾಲಿಕ್ ಬಿಚ್ಚುವಾಗ ಬ್ಯಾಟರಿ ಕಳಚಿ. ಕೆಳಗಿನ ಯಾವ ಪರೀಕ್ಷೆಯನ್ನೂ ಮನುಷ್ಯರನ್ನು ಪ್ಲಾಟ್‌ಫಾರ್ಮ್ ಮೇಲೆ ನಿಲ್ಲಿಸಿ ಮಾಡಬೇಡಿ. ಖಾಲಿ ವೀಲ್‌ಚೇರ್ ಮತ್ತು ಲಿಫ್ಟ್ ಕಂಪನಿಯ ಕೈಪಿಡಿ ಹೇಳಿದ ತೂಕ ಬಳಸಿ. ಇಬ್ಬರು ಇರಲಿ. ಒಬ್ಬರು ಬಟನ್ ಮೇಲೆ, ಒಬ್ಬರು ನೋಡಲು.

ನಿಲ್ಲಬೇಕಾದಾಗ ನಿಲ್ಲದ ಲಿಫ್ಟ್

*ಹೊಸ್ತಿಲ ಎಚ್ಚರಿಕೆ.* ನನ್ನ ಮಟ್ಟಿಗೆ ಮೊದಲು ನೋಡಬೇಕಾದ್ದು ಇದು. ಬಸ್ಸಿನೊಳಗೆ ಇರುವವರು ವೀಲ್‌ಚೇರನ್ನು ಹಿಂದಕ್ಕೆ ತಳ್ಳಿಕೊಂಡು ಬಾಗಿಲ ಕಡೆ ಬರುತ್ತಾರೆ. ಪ್ಲಾಟ್‌ಫಾರ್ಮ್ ಅಲ್ಲಿದೆ ಎಂದುಕೊಂಡಿರುತ್ತಾರೆ. ಅದು ನೆಲಕ್ಕೆ ಇಳಿದಿರುತ್ತದೆ. ಎತ್ತರದ ಕೋಚ್ ಆದರೆ ಬೀಳುವುದು ಒಂದು ಮೀಟರ್‌ಗಿಂತ ಜಾಸ್ತಿ, ಅದೂ ಬೆನ್ನು ಮುಂದಾಗಿ, ಕುರ್ಚಿಯ ತೂಕದ ಸಮೇತ. ಇದನ್ನು ತಡೆಯಲು ಬಾಗಿಲ ಅಂಚಿನಿಂದ ಒಳಕ್ಕೆ 457 ಮಿಲಿಮೀಟರ್ ಜಾಗವನ್ನು ಹೊಸ್ತಿಲು ಎಂದು ಗುರುತಿಸಿದ್ದಾರೆ. ಪ್ಲಾಟ್‌ಫಾರ್ಮ್ ಬಸ್ಸಿನ ನೆಲಕ್ಕಿಂತ 25 ಮಿಲಿಮೀಟರ್ ಕೆಳಗಿದ್ದು, ಆ ಜಾಗದಲ್ಲಿ ಯಾರಾದರೂ ಇದ್ದರೆ ಎಚ್ಚರಿಕೆ ಬರಬೇಕು. ಸಾರ್ವಜನಿಕ ಲಿಫ್ಟ್‌ನಲ್ಲಿ ಬಜರ್ ಮತ್ತು ಮಿನುಗುವ ಕೆಂಪು ದೀಪ ಎರಡೂ ಬೇಕು. ಕಣ್ಣು ಕಾಣದವರಿಗೆ ದೀಪ ಉಪಯೋಗವಿಲ್ಲ, ಕಿವಿ ಕೇಳದವರಿಗೆ ಬಜರ್ ಉಪಯೋಗವಿಲ್ಲ. ಅದಕ್ಕೇ ಎರಡೂ.

ಪ್ಲಾಟ್‌ಫಾರ್ಮ್ ಇಳಿಸಿ, ಖಾಲಿ ವೀಲ್‌ಚೇರ್‌ನ ಮುಂದಿನ ಚಕ್ರಗಳನ್ನು ಹೊಸ್ತಿಲಿಗೆ ತನ್ನಿ. ಗಾಲಿ ಜಾರಿ ಹೊರಗೆ ಹೋಗದಂತೆ ಕುರ್ಚಿಗೆ ಬೆಲ್ಟ್ ಕಟ್ಟಿರಲಿ. ಮಧ್ಯದಲ್ಲಿ ಒಮ್ಮೆ ಬಜರ್ ಹೊಡೆದರೆ ಸಾಲದು. ನಾಲ್ಕೂ ಮೂಲೆ ನೋಡಿ. ಹೊಸ್ತಿಲಲ್ಲಿ ಒತ್ತಿದಾಗ ಸಿಗ್ನಲ್ ಕೊಡುವ ಮ್ಯಾಟ್ ಇದ್ದರೆ ಮೂಲೆಗಳು ಮೊದಲು ಸಾಯುತ್ತವೆ, ಯಾಕಂದ್ರೆ ನೀರು ಸೇರುವುದು ಅಲ್ಲೇ. ಇಂಥ ಮ್ಯಾಟ್‌ನಲ್ಲಿ ಒತ್ತಿದಾಗ ಸರ್ಕ್ಯೂಟ್ ಕೂಡಿಕೊಳ್ಳುವ ಬಗೆಯದು ಇದ್ದರೆ ವೈರು ತುಂಡಾದರೂ ಅದು ಸುಮ್ನೆ ಇರುತ್ತದೆ, ದೋಷ ತೋರಿಸುವುದಿಲ್ಲ. ಮಲ್ಟಿಮೀಟರ್ ಹಚ್ಚಿ, ಒತ್ತಿದಾಗ ಮತ್ತು ಬಿಟ್ಟಾಗ ಓದು ಬದಲಾಗುತ್ತದೆಯಾ ನೋಡಿ. ಅಲ್ಟ್ರಾಸಾನಿಕ್ ಅಥವಾ ಇನ್‌ಫ್ರಾರೆಡ್ ಸೆನ್ಸರ್ ಇದ್ದರೆ ಅದರ ಮುಖ ಒರೆಸಿ, ಬ್ರಾಕೆಟ್ ವಾಲಿದೆಯಾ ನೋಡಿ. ಲಗೇಜ್ ತಗುಲಿ ಸ್ವಲ್ಪ ತಿರುಗಿದರೂ ಒಂದು ಮೂಲೆ ಕುರುಡಾಗುತ್ತದೆ.

ಬಜರ್‌ನ ತೂತಿಗೆ ಟೇಪ್ ಅಂಟಿಸಿದ್ದಾರಾ ಎಂದೂ ನೋಡಿ. ಇಡೀ ದಿನ ಅದರ ಸದ್ದು ಕೇಳುವುದು ಕಷ್ಟ, ಒಪ್ಪುತ್ತೇನೆ. ಆದರೂ ಟೇಪ್ ತೆಗೆಯಲೇಬೇಕು. ಬಜರ್ ಕನಿಷ್ಠ 85 ಡೆಸಿಬೆಲ್ ಇರಬೇಕು. ಎಂಜಿನ್ ಓಡುತ್ತಿರುವಾಗಲೇ ಪರೀಕ್ಷಿಸಿ.

*ಹೊರಗಿನ ತಡೆಪಟ್ಟಿ.* ಪ್ಲಾಟ್‌ಫಾರ್ಮ್‌ನ ಹೊರ ಅಂಚಿನಲ್ಲಿ ಎದ್ದು ನಿಂತು ಕುರ್ಚಿ ಉರುಳದಂತೆ ತಡೆಯುವ ಪಟ್ಟಿ ಇದು. ಪ್ಲಾಟ್‌ಫಾರ್ಮ್ ನೆಲದಿಂದ 75 ಮಿಲಿಮೀಟರ್ ಮೇಲಕ್ಕೆ ಹೋದ ಮೇಲೆ ಇದು ಎದ್ದಿರದಿದ್ದರೆ ಲಿಫ್ಟ್ ಚಲಿಸಬಾರದು. ಪರೀಕ್ಷೆ ಸುಲಭ. ಪ್ಲಾಟ್‌ಫಾರ್ಮ್ ನೆಲದಲ್ಲಿರುವಾಗ ಪಟ್ಟಿ ಏಳದಂತೆ ಅದರ ಮೇಲೆ ತೂಕ ಇಡಿ. ಪಕ್ಕಕ್ಕೆ ನಿಂತು ಮೇಲೇರುವ ಬಟನ್ ಒತ್ತಿ. ಲಿಫ್ಟ್ ತಾನಾಗಿ ನಿಲ್ಲಬೇಕು. ನಿಲ್ಲದೆ ಏರಿದರೆ ಬಟನ್ ಬಿಡಿ. ಆ ಬಸ್ಸು ಅವತ್ತು ಹೊರಗೆ ಹೋಗುವುದಿಲ್ಲ.

ಇಲ್ಲಿ ಕೇಳಬೇಕಾದ ಮುಖ್ಯ ಪ್ರಶ್ನೆ: ಸ್ವಿಚ್ ಯಾವುದನ್ನು ನೋಡುತ್ತಿದೆ? ಕೆಲವು ವಿನ್ಯಾಸಗಳಲ್ಲಿ ಮೈಕ್ರೋಸ್ವಿಚ್ ಪಟ್ಟಿಯನ್ನು ನೇರವಾಗಿ ನೋಡುವುದಿಲ್ಲ. ಪಟ್ಟಿಯನ್ನು ಎತ್ತುವ ಸರಳನ್ನು ನೋಡುತ್ತದೆ. ಸರಳು ಸರಿದರೆ ಪಟ್ಟಿಯೂ ಎದ್ದಿದೆ ಎಂದು ಕಂಟ್ರೋಲರ್ ತಿಳಿಯುತ್ತದೆ. ಮಧ್ಯದ ಪಿನ್ ಬಿದ್ದುಹೋಗಿದ್ದರೆ, ಪಟ್ಟಿ ಬಾಗಿದ್ದರೆ, ಕೀಲಿನಲ್ಲಿ ಕಲ್ಲು ಸಿಕ್ಕಿದ್ದರೆ ಸ್ವಿಚ್‌ಗೆ ಅದು ಗೊತ್ತಾಗುವುದೇ ಇಲ್ಲ. ಹಾಗಾಗಿ ದೀಪ ಹಸಿರಾಗಿದೆ ಎಂದು ಬಿಡಬೇಡಿ. ಎದ್ದ ಪಟ್ಟಿಯನ್ನು ಎರಡೂ ತುದಿಯಲ್ಲಿ ಕೈಯಿಂದ ಹೊರಕ್ಕೆ ತಳ್ಳಿ ನೋಡಿ. ಲಾಚ್ ಕೂತಿದ್ದರೆ ಅಲ್ಲಾಡಬಾರದು. ಒಂದು ತುದಿ ಗಟ್ಟಿ, ಇನ್ನೊಂದು ಸಡಿಲ ಇದ್ದರೆ ಕೀಲಿನ ಪಿನ್ ಸವೆದಿದೆ.

ಬಸ್ಸಿನ ಕಡೆಗಿರುವ ಒಳಗಿನ ತಡೆಪಟ್ಟಿಗೂ ಇದೇ ರೀತಿ ಮಾಡಿ. ಅದು ಸೇತುವೆಯಾಗಿಯೂ ಕೆಲಸ ಮಾಡುವುದರಿಂದ ಚಕ್ರಗಳ ಭಾರಕ್ಕೆ ಬಾಗುವುದು ಜಾಸ್ತಿ.

*ಬಸ್ಸಿನೊಂದಿಗಿನ ಇಂಟರ್‌ಲಾಕ್.* ಇದು ಎರಡು ದಿಕ್ಕಿನಲ್ಲೂ ಕೆಲಸ ಮಾಡಬೇಕು. ಲಿಫ್ಟ್ ಪೂರ್ತಿ ಒಳಗೆ ಹೋಗದಿದ್ದರೆ ಬಸ್ ಚಲಿಸಬಾರದು. ಗೇರ್ ನ್ಯೂಟ್ರಲ್ ಅಥವಾ ಪಾರ್ಕ್‌ನಲ್ಲಿಲ್ಲದಿದ್ದರೆ, ಬ್ರೇಕ್ ಹಿಡಿದಿಲ್ಲದಿದ್ದರೆ ಲಿಫ್ಟ್ ಹೊರಗೆ ಬರಬಾರದು. ಡಿಪೋಗಳಲ್ಲಿ ಎರಡನೆಯದನ್ನು ಮಾತ್ರ ನೋಡಿ ಬಿಡುವುದುಂಟು, ಯಾಕಂದ್ರೆ ಅದು ಸುಲಭ. ಮೊದಲನೆಯದಕ್ಕೆ ಲಿಫ್ಟನ್ನು ಸ್ವಲ್ಪವೇ ಹೊರಗೆ ತೆಗೆಯಿರಿ. ಪೂರ್ತಿ ಬಿಚ್ಚಬೇಡಿ. 'ಒಳಗಿದೆ' ಎಂದು ಹೇಳುವ ಸ್ವಿಚ್ ಹೊಂದಾಣಿಕೆ ತಪ್ಪಿದ್ದರೆ ಅದು ಗೊತ್ತಾಗುವುದು ಈ ಅರ್ಧಂಬರ್ಧ ಜಾಗದಲ್ಲಿ. ಸ್ವಿಚ್‌ನ ಸಿಗ್ನಲ್ ವೈರಿಗೆ ಮೀಟರ್ ಹಚ್ಚಿ. ಲಿಫ್ಟ್ ಒಳಗಿದ್ದಾಗ ಒಂದು ಓದು, ಹೊರಗಿದ್ದಾಗ ಬೇರೆ ಓದು ಬರಬೇಕು. ಎರಡೂ ಒಂದೇ ಬಂದರೆ ಸ್ವಿಚ್ ಅಂಟಿಕೊಂಡಿದೆ ಅಥವಾ ಯಾರೋ ಎರಡು ವೈರು ಸೇರಿಸಿ ಜಂಪರ್ ಹಾಕಿದ್ದಾರೆ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕುವ ಊರುಗಳಲ್ಲಿ ತುಕ್ಕಿನಿಂದ ಅಂಟಿಕೊಳ್ಳುವುದು ಸಾಮಾನ್ಯ. ಮೀಟರ್ ನೋಡುತ್ತಿರುವಾಗಲೇ ವೈರಿನ ಕಟ್ಟನ್ನು ಅಲ್ಲಾಡಿಸಿ. ಬಂದು ಹೋಗುವ ದೋಷ ಆಗ ಸಿಗುತ್ತದೆ.

ಪ್ಲಾಟ್‌ಫಾರ್ಮ್ ಮೇಲೆ ಕೈಪಿಡಿ ಹೇಳಿದ ತೂಕ ಇಟ್ಟು ಮಡಚುವ ಬಟನ್ ಕೂಡ ಒತ್ತಿ ನೋಡಿ. ಮಡಚಬಾರದು.

*ಬಟನ್ ಬಿಟ್ಟ ಮೇಲೂ ಚಲಿಸುವುದು.* ಲಿಫ್ಟ್ ಬಟನ್ ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ಚಲಿಸಬೇಕು. ಬಿಟ್ಟ ಮೇಲೂ ಚಲಿಸಿದರೆ ಕಿವಿಗೊಟ್ಟು ಕೇಳಿ. ಹೆಚ್ಚಿನ ಹೈಡ್ರಾಲಿಕ್ ಲಿಫ್ಟ್‌ಗಳು ಪಂಪಿನ ಬಲದಿಂದ ಏರುತ್ತವೆ, ತಮ್ಮ ಭಾರದಿಂದಲೇ ಇಳಿಯುತ್ತವೆ. ಬಿಟ್ಟ ಮೇಲೂ ಏರುತ್ತಿದ್ದು ಪಂಪಿನ ಸದ್ದು ಬರುತ್ತಿದ್ದರೆ ಪಂಪಿನ ರಿಲೇಯ ಕಾಂಟ್ಯಾಕ್ಟ್ ಸುಟ್ಟು ಅಂಟಿಕೊಂಡಿದೆ. ಸದ್ದಿಲ್ಲದೆ ಇಳಿಯುತ್ತಿದ್ದರೆ ಇಳಿಸುವ ವಾಲ್ವ್ ಮುಚ್ಚುತ್ತಿಲ್ಲ. ಕಸ ಸಿಕ್ಕಿರಬಹುದು, ಸೊಲೆನಾಯ್ಡ್ ಹಿಡಿದಿರಬಹುದು. ಅದಕ್ಕೂ ಮುಂಚೆ ಕೈಯಿಂದ ಇಳಿಸುವ ವಾಲ್ವ್ ಪೂರ್ತಿ ಬಿಗಿದಿದೆಯಾ ನೋಡಿ. ಅದು ಕಾಲು ಸುತ್ತು ಸಡಿಲ ಇದ್ದರೂ ಇದೇ ಲಕ್ಷಣ ಬರುತ್ತದೆ.

*ನಿಧಾನ ಕುಸಿತ, ವಾಲುವಿಕೆ, ವೇಗ.* ಲಿಫ್ಟ್ ಕನಿಷ್ಠ 272 ಕಿಲೋ ಹೊರುವಂತೆ ವಿನ್ಯಾಸ ಆಗಿರಬೇಕು. ಮೋಟಾರ್ ಇರುವ ವೀಲ್‌ಚೇರ್ ಒಂದೇ ನೂರು ಕಿಲೋ ದಾಟುವುದುಂಟು. ಹಾಗಾಗಿ ಖಾಲಿ ಪ್ಲಾಟ್‌ಫಾರ್ಮ್‌ನಲ್ಲಿ ಸರಿ ಕಂಡದ್ದು ಭಾರ ಬಿದ್ದಾಗ ಸರಿ ಇರುತ್ತದೆ ಎಂದೇನಿಲ್ಲ. ತೂಕ ಇಟ್ಟು ಬಸ್ಸಿನ ನೆಲದ ಮಟ್ಟದಲ್ಲಿ ಬಿಡಿ, ಸೀಮೆಸುಣ್ಣದಲ್ಲಿ ಗುರುತು ಹಾಕಿ. ಆಯಿಲ್ ಹೊರಗೆ ಸೋರದೆಯೂ ಪ್ಲಾಟ್‌ಫಾರ್ಮ್ ಇಳಿಯುತ್ತಿದ್ದರೆ ಸಿಲಿಂಡರಿನ ಸೀಲು ಅಥವಾ ವಾಲ್ವ್‌ನ ಸೀಟು ಹೋಗಿದೆ. ಭಾರಕ್ಕೆ ಪ್ಲಾಟ್‌ಫಾರ್ಮ್ 3 ಡಿಗ್ರಿಗಿಂತ ಜಾಸ್ತಿ ವಾಲಬಾರದು. ಕೋನ ಅಳೆಯುವ ಮಟ್ಟಗೋಲು ಇಟ್ಟು ಖಾಲಿ ಇದ್ದಾಗ, ತೂಕ ಇದ್ದಾಗ ಎರಡೂ ಬರೆದುಕೊಳ್ಳಿ. ಒಂದು ಬದಿಗೆ ವಾಲಿದರೆ ಒಂದು ಸಿಲಿಂಡರ್ ಅಥವಾ ಒಂದು ಬದಿಯ ಬುಷ್. ಹೊರಕ್ಕೆ ವಾಲಿದರೆ ಎರಡೂ ಬದಿಯ ಪಿನ್‌ಗಳು ಸವೆದಿವೆ ಅಥವಾ ತೋಳು ಬಾಗಿದೆ.

ಜನ ಇರುವಾಗ ವೇಗ ಸೆಕೆಂಡಿಗೆ 152 ಮಿಲಿಮೀಟರ್ ಮೀರಬಾರದು. ಮೊಬೈಲಿನ ಸ್ಟಾಪ್‌ವಾಚ್ ಸಾಕು. 1,200 ಮಿಲಿಮೀಟರ್ ಎತ್ತರದಿಂದ ನೆಲಕ್ಕೆ ಬರಲು ಕನಿಷ್ಠ 8 ಸೆಕೆಂಡ್ ಹಿಡಿಯಬೇಕು. ಬೇಗ ಬಂದರೆ ಹರಿವು ನಿಯಂತ್ರಿಸುವ ವಾಲ್ವ್ ನೋಡಿ, ಯಾವ ಆಯಿಲ್ ಹಾಕಿದ್ದಾರೆ ಎಂದೂ ಕೇಳಿ. ತೆಳು ಆಯಿಲ್ ಹಾಕಿದರೆ ಇಳಿತ ವೇಗವಾಗುತ್ತದೆ. ಬ್ರೇಕ್ ಆಯಿಲ್ ಸುರಿದಿದ್ದರೆ ಸೀಲುಗಳೂ ಹಾಳು.

ಕೊನೆಗೆ ಟಾರ್ಚ್ ಹಿಡಿದು ವೆಲ್ಡಿಂಗ್ ನೋಡಿ. ಪೇಂಟಿನ ಮೇಲೆ ತುಕ್ಕಿನ ಸಣ್ಣ ಗೆರೆ ಕಂಡರೆ ಅದರ ಕೆಳಗೆ ಬಿರುಕು ಇದೆ ಎಂದೇ ಹಿಡಿಯಿರಿ. ಹಗ್ಗ, ರಾಟೆ, ಶಾಫ್ಟ್‌ನಂಥ ಚಲಿಸುವ ಭಾಗಗಳು ವಿನ್ಯಾಸ ಭಾರದ ಆರು ಪಟ್ಟು, ಚೌಕಟ್ಟು ಮತ್ತು ಪ್ಲಾಟ್‌ಫಾರ್ಮ್ ಮೂರು ಪಟ್ಟು ತಡೆಯಬೇಕು ಎಂಬುದು ನಿಯಮ. ಡಿಪೋದಲ್ಲಿ ಹಾಕಿದ ತೇಪೆ ವೆಲ್ಡಿಂಗ್ ಅಷ್ಟು ತಡೆಯುತ್ತದೆ ಎಂದು ಯಾರೂ ಖಾತರಿ ಕೊಡಲಾರರು. ಬಿರುಕು ಕಂಡರೆ ಫೋಟೋ ತೆಗೆದು ಕಂಪನಿಗೆ ಕಳಿಸಿ, ನೀವು ವೆಲ್ಡ್ ಮಾಡಬೇಡಿ.

ಕೆಲಸವೇ ಮಾಡದ ಲಿಫ್ಟ್

ಇದು ಎಲ್ಲರಿಗೂ ಗೊತ್ತಿರುವ ಕೆಲಸ, ಬೇಗ ಹೇಳಿ ಮುಗಿಸುತ್ತೇನೆ. ಬಟನ್ ಒತ್ತಿದರೆ ಏನೂ ಸದ್ದಿಲ್ಲ ಅಂದರೆ ಮೊದಲು ಇಂಟರ್‌ಲಾಕ್: ಹ್ಯಾಂಡ್ ಬ್ರೇಕ್, ನ್ಯೂಟ್ರಲ್, ಲಿಫ್ಟ್ ಬಾಗಿಲು ಪೂರ್ತಿ ತೆರೆದಿದೆಯಾ. ಬಾಗಿಲ ಸ್ವಿಚ್ ತುಂಬಾ ಸಲ ಕಾರಣ. ಆಮೇಲೆ ಕೈಯಲ್ಲಿ ಹಿಡಿಯುವ ರಿಮೋಟಿನ ಕೇಬಲ್. ಬಾಗಿಲ ಸಂದಿಗೆ ಸಿಕ್ಕಿ ಒಳಗಿನ ವೈರು ತುಂಡಾಗಿರುತ್ತದೆ, ಹೊರಗೆ ಕಾಣುವುದಿಲ್ಲ. ಪಂಪ್ ನರಳುತ್ತದೆ ಆದರೆ ಏರುವುದಿಲ್ಲ ಅಂದರೆ ಪಂಪ್ ಓಡುತ್ತಿರುವಾಗಲೇ ಅದರ ಟರ್ಮಿನಲ್‌ನಲ್ಲಿ ವೋಲ್ಟೇಜ್ ಅಳೆಯಿರಿ. ಸುಮ್ಮನಿರುವಾಗ ಬ್ಯಾಟರಿ ತೋರಿಸುವ ಓದು ನಂಬಿಕೆಗೆ ಬರುವುದಿಲ್ಲ. ಬ್ಯಾಟರಿಯಲ್ಲಿ ಚೆನ್ನಾಗಿದ್ದು ಪಂಪಿನಲ್ಲಿ ಬಿದ್ದರೆ ಕೇಬಲ್ ಅಥವಾ ಅರ್ಥಿಂಗ್ ಜೋಡಣೆ ತುಕ್ಕು ಹಿಡಿದಿದೆ. ಪಂಪ್ ಚೆನ್ನಾಗಿ ಓಡಿಯೂ ಏರದಿದ್ದರೆ ಆಯಿಲ್ ಮಟ್ಟ, ಕೈ ವಾಲ್ವ್. ಬಸ್ಸಿನ ನೆಲಕ್ಕೆ ಸ್ವಲ್ಪ ಕೆಳಗೇ ನಿಂತರೆ ಲಿಮಿಟ್ ಸ್ವಿಚ್.

ಪ್ರಯಾಣಿಕರು ಮಧ್ಯದಲ್ಲೇ ಸಿಕ್ಕಿಕೊಂಡಿದ್ದರೆ ದೋಷ ಹುಡುಕುತ್ತಾ ನಿಲ್ಲಬೇಡಿ. ಕರೆಂಟ್ ಹೋದರೂ ಜನರ ಸಮೇತ ನೆಲಕ್ಕೆ ಇಳಿಸಲು, ಖಾಲಿ ಲಿಫ್ಟ್ ಏರಿಸಿ ಮಡಚಲು ಕೈಯಿಂದ ಓಡಿಸುವ ವ್ಯವಸ್ಥೆ ಇರಲೇಬೇಕು. ಅವರ ಜೊತೆ ಮಾತಾಡಿ, ಏನು ಮಾಡುತ್ತೀರಿ ಎಂದು ಹೇಳಿ, ಆಮೇಲೆ ವಾಲ್ವನ್ನು ನಿಧಾನವಾಗಿ ತೆರೆಯಿರಿ. ಪಂಪಿನ ಹಿಡಿಕೆ ಬಸ್ಸಿನಲ್ಲೇ ಇದೆಯಾ ಎಂದು ಪ್ರತಿ ಬೆಳಿಗ್ಗೆ ನೋಡುವುದು ಒಳ್ಳೆಯದು.

ಬೈಪಾಸ್ ಬೇಡವೇ ಬೇಡ

ಲಿಫ್ಟ್ ಓಡಲಿ ಎಂದು ಸ್ವಿಚ್‌ಗೆ ಜಂಪರ್ ಹಾಕುವುದು ಮೊದಲ ಬಗೆಯ ದೋಷವನ್ನು ಎರಡನೇ ಬಗೆಗೆ ಬದಲಾಯಿಸುತ್ತದೆ. ತೊಂದರೆ ಕಾಣುತ್ತಿತ್ತು, ಈಗ ಕಾಣುವುದಿಲ್ಲ, ಅಷ್ಟೇ. ಅಮೆರಿಕದಲ್ಲಿ ಸುರಕ್ಷತಾ ಮಾನದಂಡಕ್ಕಾಗಿ ಕೂರಿಸಿದ ಸಾಧನವನ್ನು ರಿಪೇರಿ ಅಂಗಡಿಯವರು ಗೊತ್ತಿದ್ದೂ ನಿಷ್ಕ್ರಿಯ ಮಾಡುವುದು ಕಾನೂನಿಗೆ ವಿರುದ್ಧ. ಪರೀಕ್ಷೆಗೆಂದು ಜಂಪರ್ ಹಾಕಲೇಬೇಕಾದರೆ ಉದ್ದನೆಯ ಕೆಂಪು ವೈರು ಬಳಸಿ, ಅದಕ್ಕೆ ಚೀಟಿ ಕಟ್ಟಿ, ಬಸ್ಸಿನ ಕೀಲಿ ನಿಮ್ಮ ಜೇಬಿನಲ್ಲಿರಲಿ.

ಬಸ್ ಓಡಿಸಲೇಬೇಕು ಎಂಬ ಒತ್ತಡ ನಿಜ. ಅದಕ್ಕೂ ಅಲ್ಲಿ ನಿಯಮ ಇದೆ. ಲಿಫ್ಟ್ ಕೆಟ್ಟರೆ ಡ್ರೈವರ್ ಆದಷ್ಟು ಬೇಗ ತಿಳಿಸಬೇಕು. ಮುಂದಿನ ಸೇವಾ ದಿನ ಶುರುವಾಗುವ ಮುಂಚೆ ಸಾರ್ವಜನಿಕ ಸಂಸ್ಥೆ ಆ ಬಸ್ಸನ್ನು ಹೊರತೆಗೆಯಬೇಕು. ಬದಲಿ ಬಸ್ ಇಲ್ಲದಿದ್ದರೆ ಮಾತ್ರ, 50,000ಕ್ಕಿಂತ ಹೆಚ್ಚು ಜನ ಇರುವ ಪ್ರದೇಶದಲ್ಲಿ 3 ದಿನ, ಅದಕ್ಕಿಂತ ಚಿಕ್ಕದರಲ್ಲಿ 5 ದಿನ ಓಡಿಸಬಹುದು. ಹತ್ತಲು ಅನುಕೂಲ ಇರುವ ಮುಂದಿನ ಬಸ್ಸಿಗೆ 30 ನಿಮಿಷಕ್ಕಿಂತ ಜಾಸ್ತಿ ಕಾಯಬೇಕಾದರೆ ಬೇರೆ ವಾಹನ ಕೊಡಬೇಕು. ಈ ಅವಕಾಶ ಓಡದ ಲಿಫ್ಟ್‌ಗೆ. ತಡೆಪಟ್ಟಿ ಏಳದೆಯೂ ಓಡುವ ಲಿಫ್ಟನ್ನು ಜನರಿಗೆ ಬಳಸಲು ಇದನ್ನು ನೆಪ ಮಾಡಿಕೊಳ್ಳಬಾರದು. ಅಂಥ ಲಿಫ್ಟ್‌ನ ಕರೆಂಟ್ ಕಳಚಿ, 'ಕೆಟ್ಟಿದೆ' ಎಂದೇ ಬರೆದು ಹಾಕಿ.

ರಿಕಾಲ್ ಕೆಲಸ ಮುಗಿದ ಮೇಲೆ

ರಿಪೇರಿ ಉಚಿತ. ಮೊದಲ ಖರೀದಿಯಾಗಿ 15 ವರ್ಷ ದಾಟಿರದಿದ್ದರೆ ಕಂಪನಿ ಹಣ ಕೇಳುವಂತಿಲ್ಲ. ಕಂಪನಿ ಕೊಡುವ ರಿಪೇರಿ ಕಿಟ್ ಹಾಕಿಸಿದ ಮೇಲೆ ಮೇಲಿನ ಎಲ್ಲಾ ಪರೀಕ್ಷೆಗಳನ್ನು ಮತ್ತೆ ಮಾಡಿ, ರಿಕಾಲ್ ಆದ ಭಾಗದ್ದು ಮಾತ್ರವಲ್ಲ. ಹೊಸ ಸೆನ್ಸರ್ ಹಾಕುವಾಗ ಪಕ್ಕದ ವೈರು ಎಳೆದಿರಬಹುದು, ಹೊಸ ಲಾಚ್ ಹಳೆಯ ಸವೆದ ಪಿನ್ ಮೇಲೆ ಕೂತಿರಬಹುದು. 403ರ ಲಿಫ್ಟ್‌ಗಳಲ್ಲಿ ಎಷ್ಟು ಸಲ ಏರಿಳಿದಿದೆ ಎಂದು ಎಣಿಸುವ ಕೌಂಟರ್ ಇರುತ್ತದೆ. ಆ ಅಂಕಿಯನ್ನು ದಿನಾಂಕದ ಜೊತೆ ಬರೆದಿಡಿ. ಮುಂದೆ ಅದೇ ದೋಷ ಮರುಕಳಿಸಿದರೆ ಎಷ್ಟು ಬಳಕೆಯ ನಂತರ ಎಂದು ಹೇಳಲು ಆಗುತ್ತದೆ.

ಭಾರತದಲ್ಲಿ ಬಸ್ಸುಗಳಲ್ಲಿ ವೀಲ್‌ಚೇರ್ ಹತ್ತಿಸಲು, ಇಡಲು, ಲಾಕ್ ಮಾಡಲು ವ್ಯವಸ್ಥೆ ಇರಬೇಕೆಂಬ ನಿಯಮ 2020ರ ಮಾರ್ಚ್ 1ರಿಂದ ಇದೆ. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿ ಸೇರಿಸಿದ 110ಎ ಕಲಮಿನ ಅಡಿ ರಿಕಾಲ್ ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಏಳು ವರ್ಷದೊಳಗಿನ ವಾಹನಗಳಿಗೆ ಅವು ಅನ್ವಯ. ಸರ್ಕಾರದ ವಾಹನ ನೋಂದಣಿ ತಾಣವಾದ ವಾಹನ್ ಪೋರ್ಟಲ್‌ನಲ್ಲಿ ಮಾಲೀಕರು ದೂರು ದಾಖಲಿಸಬಹುದು. ನಮ್ಮ ಡಿಪೋಗಳಲ್ಲಿ ಲಿಫ್ಟ್ ನೋಡಿಕೊಳ್ಳುವವರು ಈ ದಾರಿಯನ್ನು ಬಳಸಬೇಕು ಎಂಬುದು ನನ್ನ ಆಸೆ. ದೂರಿನಲ್ಲಿ 'ಲಿಫ್ಟ್ ಸರಿ ಇಲ್ಲ' ಎಂದಷ್ಟೇ ಬರೆದರೆ ಪ್ರಯೋಜನ ಕಡಿಮೆ. ಮಾಡೆಲ್, ಸೀರಿಯಲ್ ನಂಬರ್, ತಯಾರಾದ ತಿಂಗಳು ಬರೆಯಿರಿ. ಯಾವ ಪರೀಕ್ಷೆಯಲ್ಲಿ, ಎಷ್ಟು ತೂಕ ಇಟ್ಟಾಗ, ಎಷ್ಟು ಎತ್ತರದಲ್ಲಿ ಲಿಫ್ಟ್ ನಿಲ್ಲದೆ ಹೋಯಿತು ಎಂದು ಬರೆಯಿರಿ. ಒಂದೇ ಮಾಡೆಲ್‌ನ ಬೇರೆ ಬಸ್ಸುಗಳಲ್ಲೂ ಅದೇ ಪರೀಕ್ಷೆ ಮಾಡಿದ್ದರೆ ಅವುಗಳ ಫಲಿತಾಂಶ, ವಿಡಿಯೋ, ಬಿಚ್ಚಿದ ಹಳೆ ಸ್ವಿಚ್ ಅಥವಾ ಪಿನ್ ಎಲ್ಲವನ್ನೂ ತೆಗೆದಿಡಿ.